ಮೆಮೊರಿ ನಿರ್ವಹಣೆಯ ಹಿನ್ನೆಲೆ ಕೆಲಸಗಳು ರಿಯಲ್‌ಟೈಮ್ ಗಡುವನ್ನು ಮುರಿಯದಂತೆ ಲಿನಕ್ಸ್ ಅನ್ನು ಅಣಿಗೊಳಿಸುವ ಕ್ರಮ

ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ ಧ್ವನಿಯನ್ನು ಸಂಸ್ಕರಿಸುವ ಪ್ರೋಗ್ರಾಂ ಒಂದು ಪ್ರತಿ ಸುತ್ತಿನಲ್ಲೂ 64 ಮಾದರಿಗಳ ಬಫರ್ ಅನ್ನು ತುಂಬಿಸಿ ಕೊಡಬೇಕಾಗಿದೆ ಎಂದುಕೊಳ್ಳೋಣ. ಅದಕ್ಕೆ ಸಿಗುವ ಕಾಲಾವಕಾಶ 1.33 ಮಿಲಿಸೆಕೆಂಡು. ಲೆಕ್ಕಾಚಾರ 0.4 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದೆ, ಅಂದರೆ ಆ ಕೋರ್‌ನ ಬಳಕೆ ಶೇಕಡಾ 30ರ ಆಸುಪಾಸಿನಲ್ಲಿದೆ. ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿದ್ದರೂ ಆಗೊಮ್ಮೆ ಈಗೊಮ್ಮೆ, ಯಾವ ಲಯಕ್ಕೂ ಸಿಗದಂತೆ, ಧ್ವನಿ ಒಡೆಯುತ್ತದೆ. ಇನ್ನೂ ವೇಗದ ಪ್ರೊಸೆಸರ್ ಹಾಕಿದರೂ ತೊಂದರೆ ಹೋಗುವುದಿಲ್ಲ. ಇಂಥ ಸಂದರ್ಭಗಳಲ್ಲಿ ಕಾರಣ ಬಹುಮಟ್ಟಿಗೆ ಲೆಕ್ಕಾಚಾರದಲ್ಲಿ ಇರುವುದಿಲ್ಲ. ಆಪರೇಟಿಂಗ್ ಸಿಸ್ಟಂ ಮೆಮೊರಿಯನ್ನು ಓರಣಗೊಳಿಸಲು ಮಾಡುವ ಕೆಲಸಗಳಲ್ಲಿ ಒಂದು ತಪ್ಪು ಗಳಿಗೆಯಲ್ಲಿ ನಿಮ್ಮ ಥ್ರೆಡ್‌ನ (ಪ್ರೋಗ್ರಾಂನೊಳಗೆ ಸ್ವತಂತ್ರವಾಗಿ ಓಡುವ ಒಂದು ಎಳೆಯ) ಸಮಯವನ್ನು ಬಳಸಿಕೊಂಡಿರುತ್ತದೆ.

ರಿಯಲ್‌ಟೈಮ್, ಅಂದರೆ ಗಡುವಿನೊಳಗೆ ಮುಗಿಯಲೇಬೇಕಾದ ಕೆಲಸ, ಎಂದೊಡನೆ ಬಹಳಷ್ಟು ಮಂದಿ ನೇರವಾಗಿ ಪ್ರೀಎಂಪ್ಟ್ ಆರ್‌ಟಿ ಕರ್ನಲ್‌ಗೆ (ತುರ್ತು ಕೆಲಸಕ್ಕೆ ಬೇಗ ದಾರಿಬಿಡುವಂತೆ ಕಟ್ಟಿದ ಲಿನಕ್ಸ್ ತಿರುಳಿಗೆ), ಕೋರ್ ಪ್ರತ್ಯೇಕಿಸುವ ಬೂಟ್ ಆಯ್ಕೆಗಳಿಗೆ ಹೋಗುತ್ತಾರೆ. 2024ರಲ್ಲಿ ಬಂದ ಲಿನಕ್ಸ್ 6.12ರಿಂದ ಪ್ರೀಎಂಪ್ಟ್ ಆರ್‌ಟಿ ಮುಖ್ಯ ಕರ್ನಲ್‌ನ ಭಾಗವೇ ಆಗಿರುವುದರಿಂದ ಆ ದಾರಿ ಈಗ ಮೊದಲಿಗಿಂತ ಸುಲಭವಾಗಿದೆ. ಆದರೆ ನನ್ನ ಅಭಿಪ್ರಾಯದಲ್ಲಿ ಮೆಮೊರಿಯ ಕೆಲಸ ಅದಕ್ಕಿಂತ ಮೊದಲು ಆಗಬೇಕು. ಬೇಕಾದ ಪುಟ (ಮೆಮೊರಿಯನ್ನು ಹಂಚುವ ಚಿಕ್ಕ ತುಣುಕು) ಡಿಸ್ಕ್‌ನಿಂದ ಬರಬೇಕಾಗಿದ್ದರೆ ಎಂಥ ಆದ್ಯತೆ ಇರುವ ಥ್ರೆಡ್ ಆದರೂ ಕಾಯಲೇಬೇಕು. ಯಾವ ಥ್ರೆಡ್ ಯಾವಾಗ ಓಡಬೇಕೆಂದು ನಿರ್ಧರಿಸುವ ಶೆಡ್ಯೂಲರ್ ಅಲ್ಲಿ ಏನೂ ಮಾಡಲಾರದು. ಆದ್ದರಿಂದ ಈ ಲೇಖನದ ಕ್ರಮ ಹೀಗಿದೆ: ಮೊದಲು ಅಳತೆ, ಆಮೇಲೆ ನಿಮ್ಮ ಮೆಮೊರಿಯನ್ನು ಭದ್ರಪಡಿಸುವುದು, ಅನಂತರ ಅದನ್ನು ಮುಟ್ಟುವ ಕರ್ನಲ್ ಥ್ರೆಡ್‌ಗಳನ್ನು ತಡೆಯುವುದು, ಆಮೇಲೆ ಉಳಿದ ಕೆಲಸಗಳನ್ನು ಬೇರೆ ಕೋರ್‌ಗಳಿಗೆ ಅಟ್ಟುವುದು, ಕಡೆಗೆ ಒತ್ತಡ ಹಾಕಿ ನೋಡುವುದು.

ತಡ ಎಲ್ಲಿ ಹುಟ್ಟುತ್ತದೆ

ಪ್ರೋಗ್ರಾಂ ಮೆಮೊರಿ ಕೇಳಿದಾಗ ಲಿನಕ್ಸ್ ಸಾಮಾನ್ಯವಾಗಿ ಕೊಡುವುದು ವಿಳಾಸಗಳನ್ನು ಮಾತ್ರ. ಆ ವಿಳಾಸಕ್ಕೆ ಮೊದಲ ಬಾರಿ ಬರೆದಾಗ ಪೇಜ್ ಫಾಲ್ಟ್ ಉಂಟಾಗಿ, ಕರ್ನಲ್ 4 ಕೆಬಿಯ ಒಂದು ಖಾಲಿ ಪುಟವನ್ನು ಹುಡುಕಿ, ಸೊನ್ನೆಗಳಿಂದ ತುಂಬಿ, ವಿಳಾಸಕ್ಕೂ ಪುಟಕ್ಕೂ ಇರುವ ನಂಟನ್ನು ಹೇಳುವ ಪೇಜ್ ಟೇಬಲ್‌ನಲ್ಲಿ ನಮೂದಿಸಿದ ಮೇಲಷ್ಟೇ ನಿಮ್ಮ ಸೂಚನೆ ಮುಂದುವರಿಯುತ್ತದೆ. ಇದು ಮೈನರ್ ಫಾಲ್ಟ್. ಪುಟದ ವಿಷಯ ಡಿಸ್ಕ್‌ನ ಕಡತದಿಂದಲೋ ಸ್ವಾಪ್‌ನಿಂದಲೋ (ಮೆಮೊರಿಯಿಂದ ಹೊರಹಾಕಿದ ಪುಟಗಳನ್ನು ಇಡುವ ಡಿಸ್ಕ್ ಜಾಗದಿಂದಲೋ) ಬರಬೇಕಾದರೆ ಅದು ಮೇಜರ್ ಫಾಲ್ಟ್. ಎಸ್‌ಎಸ್‌ಡಿಯಲ್ಲಿ ಇದಕ್ಕೆ ನೂರು ಮೈಕ್ರೊಸೆಕೆಂಡುಗಳ ಆಸುಪಾಸು ಹಿಡಿದರೆ, ತಿರುಗುವ ಡಿಸ್ಕ್‌ನಲ್ಲಿ 10 ಮಿಲಿಸೆಕೆಂಡುಗಳ ಆಸುಪಾಸು ಹಿಡಿಯುತ್ತದೆ. ಮೇಲಿನ ಧ್ವನಿಯ ಉದಾಹರಣೆಯಲ್ಲಿ 10 ಮಿಲಿಸೆಕೆಂಡು ಎಂದರೆ ಏಳು ಬಫರ್‌ಗಳು ಸಾಲಾಗಿ ಕೈತಪ್ಪಿದಂತೆ.

ಮೈನರ್ ಫಾಲ್ಟ್ ಅಗ್ಗ ಎಂಬ ಮಾತಿದೆ. ಖಾಲಿ ಪುಟಗಳು ಧಾರಾಳವಾಗಿದ್ದಾಗ ಅದು ನಿಜವೂ ಹೌದು. ಆದರೆ ಮೆಮೊರಿಯ ಪ್ರತಿ ವಲಯಕ್ಕೂ ಕರ್ನಲ್ ಮೂರು ಮಟ್ಟಗಳನ್ನು ಇಟ್ಟುಕೊಂಡಿರುತ್ತದೆ. ಖಾಲಿ ಪುಟಗಳ ಸಂಖ್ಯೆ ‘ಲೋ’ ಮಟ್ಟಕ್ಕಿಂತ ಕೆಳಗಿಳಿದರೆ ಕೆಸ್ವಾಪ್‌ಡಿ ಎಂಬ ಕರ್ನಲ್ ಥ್ರೆಡ್ ಎಚ್ಚೆತ್ತು ಹಳೆಯ ಪುಟಗಳನ್ನು ತೆರವು ಮಾಡತೊಡಗುತ್ತದೆ. ‘ಹೈ’ ಮಟ್ಟ ಮುಟ್ಟಿದ ಮೇಲೆ ಮತ್ತೆ ಮಲಗುತ್ತದೆ. ಅದು ತೆರವು ಮಾಡುವುದಕ್ಕಿಂತ ವೇಗವಾಗಿ ಯಾರಾದರೂ ಮೆಮೊರಿ ಕೇಳುತ್ತಾ ಹೋಗಿ ‘ಮಿನ್’ ಮಟ್ಟವೂ ಮುರಿದರೆ, ಆಗ ಪುಟ ಕೇಳಿದ ಥ್ರೆಡ್ಡೇ ಸ್ವತಃ ತೆರವಿನ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಡೈರೆಕ್ಟ್ ರಿಕ್ಲೇಮ್ ಎನ್ನುವುದು ಇದನ್ನೇ. ಪಕ್ಕದ ಯಾವುದೋ ಬ್ಯಾಕಪ್ ಪ್ರೋಗ್ರಾಂ ಪೇಜ್ ಕ್ಯಾಶ್ ಅನ್ನು (ಕಡತಗಳ ವಿಷಯವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗವನ್ನು) ತುಂಬಿಸಿಟ್ಟ ಗಳಿಗೆಯಲ್ಲಿ ನಿಮ್ಮ ಥ್ರೆಡ್ ಒಂದೇ ಒಂದು ಪುಟ ಕೇಳಿದರೂ ಸಾಕು, ಆ ಬ್ಯಾಕಪ್ ಮಾಡಿದ ರಾಶಿಯನ್ನು ಗುಡಿಸುವ ಪಾಳಿ ನಿಮ್ಮದಾಗುತ್ತದೆ. ಒಂದು ಮೈಕ್ರೊಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕಾದ ಫಾಲ್ಟ್ ಮಿಲಿಸೆಕೆಂಡುಗಳಿಗೆ ಹಿಗ್ಗುವುದು ಇಲ್ಲಿಯೇ.

ಸರ್ವರ್ ಅಥವಾ ಡೆಸ್ಕ್‌ಟಾಪ್‌ನ ದೃಷ್ಟಿಯಿಂದ ಈ ಏರ್ಪಾಟಿನಲ್ಲಿ ತಪ್ಪೇನೂ ಇಲ್ಲ. ಒಟ್ಟು ಕೆಲಸ ಹೆಚ್ಚಾಗಲಿ, ಸರಾಸರಿ ವೇಗ ಚೆನ್ನಾಗಿರಲಿ ಎಂಬುದು ಅದರ ಉದ್ದೇಶ. ಗಡುವಿನ ಲೆಕ್ಕದಲ್ಲಿ ಮಾತ್ರ ಸರಾಸರಿಗೆ ಬೆಲೆಯಿಲ್ಲ. ಅತಿ ಕೆಟ್ಟ ಒಂದು ಸುತ್ತು ಎಷ್ಟು ತಡವಾಯಿತು ಎಂಬುದಷ್ಟೇ ಗಣನೆಗೆ ಬರುತ್ತದೆ.

ಮೊದಲ ಹೆಜ್ಜೆ: ಅಳತೆ

ಯಾವುದೇ ಆಯ್ಕೆಯನ್ನು ಬದಲಿಸುವ ಮೊದಲು, ನಿಮ್ಮ ರಿಯಲ್‌ಟೈಮ್ ಥ್ರೆಡ್‌ನಲ್ಲಿ ಫಾಲ್ಟ್‌ಗಳು ಆಗುತ್ತಿವೆಯೇ ಎಂದು ನೋಡಿ. ಪ್ರೋಗ್ರಾಂ ಒಳಗಿನಿಂದಲೇ ಗೆಟ್‌ಆರ್‌ಯೂಸೇಜ್ ಕರೆಯನ್ನು ಥ್ರೆಡ್ ಮಟ್ಟದ ಆಯ್ಕೆಯೊಂದಿಗೆ ಬಳಸಿದರೆ ಆ ಥ್ರೆಡ್ ಎದುರಿಸಿದ ಮೈನರ್ ಮತ್ತು ಮೇಜರ್ ಫಾಲ್ಟ್‌ಗಳ ಲೆಕ್ಕ ಬೇರೆಬೇರೆಯಾಗಿ ಸಿಗುತ್ತದೆ. ಹೊರಗಿನಿಂದ ನೋಡುವುದಾದರೆ ಕರ್ನಲ್‌ನ ಒಳಸ್ಥಿತಿಯನ್ನು ಕಡತಗಳಂತೆ ತೋರಿಸುವ ಪ್ರೊಕ್ ಕಡತ ವ್ಯವಸ್ಥೆಯಲ್ಲಿ ಆ ಪ್ರಕ್ರಿಯೆಯ ಟಾಸ್ಕ್ ಕೋಶದೊಳಗೆ ಪ್ರತಿ ಥ್ರೆಡ್‌ಗೂ ಇರುವ ಸ್ಟ್ಯಾಟ್ ಕಡತದಲ್ಲಿ ಇದೇ ಅಂಕಿಗಳಿವೆ. ಮುಖ್ಯ ಲೂಪ್ ಆರಂಭವಾದ ಮೇಲೆ ಈ ಎರಡೂ ಎಣಿಕೆಗಳು ಒಂದಾದರೂ ಏರಬಾರದು. ಇದು ಕಟ್ಟುನಿಟ್ಟಾದ ಗುರಿ ಎನ್ನಿಸಬಹುದು. ಆದರೆ ಸರಿಯಾಗಿ ಅಣಿಗೊಳಿಸಿದ ಪ್ರೋಗ್ರಾಂನಲ್ಲಿ ದಿನಗಟ್ಟಲೆ ಸೊನ್ನೆಯನ್ನೇ ಕಾಯ್ದುಕೊಳ್ಳುವುದು ಸಾಧ್ಯವಿದೆ.

ಎಣಿಕೆ ಏರುತ್ತಿದ್ದರೆ ಪರ್ಫ್ ಸಲಕರಣೆಯಿಂದ ಪೇಜ್ ಫಾಲ್ಟ್ ಘಟನೆಯನ್ನು, ಪ್ರತಿಯೊಂದನ್ನೂ ಬಿಡದೆ, ಕರೆಸರಣಿಯ ಸಮೇತ ದಾಖಲಿಸಿ. ಯಾವ ಫಂಕ್ಷನ್‌ನಲ್ಲಿ ಫಾಲ್ಟ್ ಆಯಿತು ಎಂಬುದು ನೇರವಾಗಿ ಕಾಣುತ್ತದೆ. ಇಡೀ ವ್ಯವಸ್ಥೆಯ ಸ್ಥಿತಿ ತಿಳಿಯಲು ಪ್ರೊಕ್‌ನ ವಿಎಂಸ್ಟ್ಯಾಟ್ ಕಡತ ನೋಡಿ: ‘ಅಲಾಕ್‌ಸ್ಟಾಲ್’ ಎಂದು ಆರಂಭವಾಗುವ ಸಾಲುಗಳು ಡೈರೆಕ್ಟ್ ರಿಕ್ಲೇಮ್ ಎಷ್ಟು ಬಾರಿ ಆಯಿತೆಂದೂ, ‘ಕಂಪ್ಯಾಕ್ಟ್_ಸ್ಟಾಲ್’ ಸಾಲು ದೊಡ್ಡ ತುಣುಕಿನ ಮೆಮೊರಿಗಾಗಿ ಥ್ರೆಡ್‌ಗಳು ಪುಟಗಳನ್ನು ಸರಿಸಬೇಕಾಗಿ ಬಂದದ್ದು ಎಷ್ಟು ಬಾರಿ ಎಂದೂ ಹೇಳುತ್ತವೆ. ತೊಂದರೆ ಕಂಡ ಗಳಿಗೆಯ ಹಿಂದೆಮುಂದೆ ಈ ಅಂಕಿಗಳು ಬದಲಾಗಿದ್ದರೆ ಜಾಡು ಸಿಕ್ಕಿತೆಂದೇ ಅರ್ಥ. ಇದಕ್ಕೆ ಪ್ರೊಕ್‌ನ ಪ್ರೆಶರ್ ಕೋಶದ ಮೆಮೊರಿ ಕಡತವೂ ನೆರವಾಗುತ್ತದೆ. ಮೆಮೊರಿಗಾಗಿ ಕಾಯುತ್ತಾ ಕಳೆದ ಕಾಲವನ್ನು ಅದು ಶೇಕಡಾವಾರು ತೋರಿಸುತ್ತದೆ.

ಥ್ರೆಡ್ ಎಷ್ಟು ತಡವಾಗಿ ಎಚ್ಚೆತ್ತಿತೆಂದು ಅಳೆಯುವ ಸೈಕ್ಲಿಕ್‌ಟೆಸ್ಟ್ ಬಗ್ಗೆ ಒಂದು ಎಚ್ಚರಿಕೆ. ಅದು ಒಳ್ಳೆಯ ಸಲಕರಣೆ, ಆದರೆ ಅದರ ಲೂಪ್ ಮುಟ್ಟುವ ಮೆಮೊರಿ ತೀರ ಸ್ವಲ್ಪ, ಮತ್ತು ಸಾಮಾನ್ಯವಾಗಿ ಅದನ್ನು ಮೆಮೊರಿಗೆ ಬೀಗ ಹಾಕುವ, ಅಂದರೆ ಪುಟಗಳು ಹೊರಹೋಗದಂತೆ ತಡೆಯುವ, ಆಯ್ಕೆಯೊಂದಿಗೇ ಓಡಿಸುತ್ತಾರೆ. ಹಾಗಾಗಿ ಸೈಕ್ಲಿಕ್‌ಟೆಸ್ಟ್ 30 ಮೈಕ್ರೊಸೆಕೆಂಡು ತೋರಿಸಿತೆಂದರೆ ಯಂತ್ರಾಂಶ ಮತ್ತು ಶೆಡ್ಯೂಲರ್ ಸರಿಯಾಗಿವೆ ಎಂದಷ್ಟೇ ತಿಳಿಯಬೇಕು. ನಿಮ್ಮ ಪ್ರೋಗ್ರಾಂ ಮೆಮೊರಿಯನ್ನು ಹೇಗೆ ಬಳಸುತ್ತದೆ ಎಂಬುದರ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ಎರಡನೆಯ ಹೆಜ್ಜೆ: ಮೆಮೊರಿಯನ್ನು ಮುಂಚಿತವಾಗಿ ಪಡೆದು ಬೀಗ ಹಾಕುವುದು

ಸ್ವಾಪ್ ಅನ್ನು ತೆಗೆದುಹಾಕಿದರೆ ಮೇಜರ್ ಫಾಲ್ಟ್‌ಗಳು ನಿಲ್ಲುತ್ತವೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ನಿಮ್ಮ ಪ್ರೋಗ್ರಾಂನ ಯಂತ್ರಸಂಕೇತ ಮತ್ತು ಲೈಬ್ರರಿಗಳು ಡಿಸ್ಕ್‌ನ ಕಡತಗಳಿಂದ ಮ್ಯಾಪ್ ಆದ, ಅಂದರೆ ಪ್ರೋಗ್ರಾಂನ ವಿಳಾಸಗಳಿಗೆ ಜೋಡಿಸಿದ, ಪುಟಗಳು. ಅವುಗಳ ಮೂಲ ಡಿಸ್ಕ್‌ನಲ್ಲಿಯೇ ಇರುವುದರಿಂದ ಮೆಮೊರಿ ಬಿಗಿಯಾದಾಗ ಕರ್ನಲ್ ಅವನ್ನು ಎಲ್ಲಿಗೂ ಬರೆಯದೆ ಸುಮ್ಮನೆ ಬಿಟ್ಟುಬಿಡಬಹುದು. ಸ್ವಾಪ್ ಇಲ್ಲದ ಯಂತ್ರದಲ್ಲಿ ಹೊರಹಾಕಲು ಬೇರೆ ಪುಟಗಳೇ ಸಿಗದಿರುವುದರಿಂದ ಇವುಗಳ ಮೇಲೆ ಒತ್ತಡ ಇನ್ನೂ ಹೆಚ್ಚು. ಇದರ ಅತಿ ಅಪಾಯಕಾರಿ ರೂಪ ಕಾಣುವುದು ಅಪರೂಪಕ್ಕೆ ಓಡುವ ಸಂಕೇತದಲ್ಲಿ. ನಿಯಂತ್ರಣ ವ್ಯವಸ್ಥೆಯೊಂದರ ತುರ್ತು ನಿಲುಗಡೆಯ ಫಂಕ್ಷನ್ ವಾರಗಟ್ಟಲೆ ಓಡದೆ ಇರುತ್ತದೆ. ಬಹಳ ದಿನ ಬಳಕೆಯಾಗದ ಪುಟ ಎಂಬ ಕಾರಣಕ್ಕೆ ಕರ್ನಲ್ ಮೊದಲು ಹೊರಹಾಕುವುದು ಅದನ್ನೇ. ಎಲ್ಲಕ್ಕಿಂತ ತುರ್ತಾಗಿ ಬೇಕಾಗುವುದೂ ಅದೇ.

ಇದಕ್ಕೆ ಪರಿಹಾರ ಎಂಲಾಕ್‌ಆಲ್ ಎಂಬ ಸಿಸ್ಟಂ ಕರೆ. ಈಗಿರುವ ಮ್ಯಾಪಿಂಗ್‌ಗಳು ಮತ್ತು ಮುಂದೆ ಬರುವ ಮ್ಯಾಪಿಂಗ್‌ಗಳು ಎಂಬ ಎರಡೂ ಸೂಚಕಗಳೊಂದಿಗೆ ಅದನ್ನು ಪ್ರೋಗ್ರಾಂನ ಆರಂಭದಲ್ಲಿಯೇ ಕರೆಯಿರಿ. ಇದು ಸಂಕೇತ, ದತ್ತಾಂಶ, ಹೀಪ್ (ಓಡುವಾಗ ಕೇಳಿ ಪಡೆಯುವ ಮೆಮೊರಿ) ಎಲ್ಲದರ ಪುಟಗಳನ್ನೂ ಒಳತಂದು, ಹೊರಹಾಕಬಾರದ ಪುಟಗಳ ಪಟ್ಟಿಗೆ ಸೇರಿಸುತ್ತದೆ. ಕರೆಯ ಫಲಿತಾಂಶವನ್ನು ಪರೀಕ್ಷಿಸದೆ ಮುಂದೆ ಹೋಗಬೇಡಿ. ಬೀಗ ಹಾಕಬಹುದಾದ ಮೆಮೊರಿಗೆ ಬಳಕೆದಾರನ ಮಿತಿ ಇರುತ್ತದೆ. ಮಿತಿ ಸಾಲದಿದ್ದರೆ ಕರೆ ವಿಫಲವಾಗುತ್ತದೆ, ಆದರೆ ಪ್ರೋಗ್ರಾಂ ಏನೂ ಆಗದಂತೆ ಓಡುತ್ತಿರುತ್ತದೆ. ಕೆಲಸ ಆಗಿದೆಯೇ ಎಂಬುದನ್ನು ಪ್ರಕ್ರಿಯೆಯ ಸ್ಟೇಟಸ್ ಕಡತದ ‘ವಿಎಂಲಾಕ್’ ಎಂಬ ಸಾಲಿನಲ್ಲಿ ನೋಡಿಕೊಳ್ಳಬಹುದು. ಫಾಲ್ಟ್ ಆದಾಗ ಮಾತ್ರ ಬೀಗ ಹಾಕುವ ಮೂರನೆಯ ಸೂಚಕವೊಂದೂ ಇದೆ. ಅದು ಮೆಮೊರಿ ಉಳಿಸುತ್ತದೆ, ಆದರೆ ಮೊದಲ ಸ್ಪರ್ಶದ ಫಾಲ್ಟ್ ಅನ್ನು ಲೂಪ್‌ನ ಒಳಗೇ ಉಳಿಸುತ್ತದೆ; ನಮ್ಮ ಕೆಲಸಕ್ಕೆ ಅದು ಬೇಡ.

ಮುಂದಿನ ಮ್ಯಾಪಿಂಗ್‌ಗಳಿಗೂ ಬೀಗ ಬೀಳುವುದರಿಂದ ಥ್ರೆಡ್ ಸ್ಟ್ಯಾಕ್‌ಗಳ (ಫಂಕ್ಷನ್‌ಗಳ ತಾತ್ಕಾಲಿಕ ದತ್ತಾಂಶ ಇಡುವ ಜಾಗಗಳ) ವಿಚಾರದಲ್ಲಿ ಎಚ್ಚರ ಬೇಕು. ಒಂದೊಂದು ಥ್ರೆಡ್‌ಗೂ ಸಾಮಾನ್ಯವಾಗಿ 8 ಎಂಬಿಯ ಸ್ಟ್ಯಾಕ್ ಸಿಗುತ್ತದೆ. ಅದರಲ್ಲಿ ಬಹುಪಾಲು ಎಂದೂ ಬಳಕೆಯಾಗುವುದಿಲ್ಲ. ಬೀಗ ಹಾಕಿದ ಪ್ರಕ್ರಿಯೆಯಲ್ಲಿ ಮಾತ್ರ ಅಷ್ಟೂ ನಿಜವಾದ ಮೆಮೊರಿಯನ್ನು ನುಂಗುತ್ತದೆ. 20 ಥ್ರೆಡ್‌ಗಳೆಂದರೆ 160 ಎಂಬಿ. ಥ್ರೆಡ್ ಸೃಷ್ಟಿಸುವಾಗಲೇ ಸ್ಟ್ಯಾಕ್ ಗಾತ್ರವನ್ನು 256 ಕೆಬಿಯಷ್ಟಕ್ಕೆ, ಅಥವಾ ನಿಮ್ಮ ಸಂಕೇತಕ್ಕೆ ಬೇಕಾದಷ್ಟಕ್ಕೆ, ಇಳಿಸಿ. ಮುಖ್ಯ ಥ್ರೆಡ್‌ನ ಸ್ಟ್ಯಾಕ್ ಬೆಳೆಯುವ ಬಗೆ ಬೇರೆ: ಅದು ಬೇಕಾದಂತೆ ಕೆಳಮುಖವಾಗಿ ಹಿಗ್ಗುತ್ತದೆ, ಹಿಗ್ಗಿದಾಗಲೆಲ್ಲ ಫಾಲ್ಟ್ ಆಗುತ್ತದೆ. ರಿಯಲ್‌ಟೈಮ್ ಲೂಪ್ ಮುಖ್ಯ ಥ್ರೆಡ್‌ನಲ್ಲಿಯೇ ಇದ್ದರೆ, ಆರಂಭದಲ್ಲಿ ಒಂದು ಫಂಕ್ಷನ್‌ನೊಳಗೆ ಬೇಕಾದಷ್ಟು ದೊಡ್ಡ ಸರಣಿಯನ್ನು ಘೋಷಿಸಿ, ಪ್ರತಿ 4 ಕೆಬಿಗೆ ಒಂದು ಬೈಟ್ ಬರೆದು ಹಿಂದಿರುಗಬೇಕು. ಕಂಪೈಲರ್ ಈ ಬರಹವನ್ನು ನಿರುಪಯುಕ್ತವೆಂದು ಅಳಿಸಿಹಾಕದಂತೆ ಸರಣಿಯನ್ನು ವೊಲಟೈಲ್ ಎಂದು ಗುರುತಿಸುವುದನ್ನು ಮರೆಯಬಾರದು.

ಹೀಪ್ ಸ್ವಲ್ಪ ಹೆಚ್ಚು ಕಾಡುವ ಭಾಗ. ಗ್ನೂ ಸಿ ಲೈಬ್ರರಿಯಲ್ಲಿ ಮೆಮೊರಿ ಹಂಚುವ ಫಂಕ್ಷನ್ ಆದ ಮ್ಯಾಲಾಕ್ 128 ಕೆಬಿಗಿಂತ ದೊಡ್ಡ ಕೋರಿಕೆಗಳಿಗೆ ಆರಂಭದಲ್ಲಿ ಎಂಮ್ಯಾಪ್ ಮೂಲಕ ಹೊಸ ಪ್ರದೇಶ ಪಡೆದು, ಬಿಡುಗಡೆಯಾದೊಡನೆ ಅದನ್ನು ಕರ್ನಲ್‌ಗೆ ಹಿಂದಿರುಗಿಸುತ್ತದೆ. ಹೀಪ್‌ನ ತುದಿಯಲ್ಲಿ ಖಾಲಿ ಜಾಗ ಉಳಿದರೆ ಅದನ್ನೂ ಕತ್ತರಿಸಿ ಕೊಟ್ಟುಬಿಡುತ್ತದೆ. ಹಿಂದಿರುಗಿಸಿದ ಮೆಮೊರಿಯನ್ನು ಮತ್ತೆ ಕೇಳಿದಾಗ ಎಲ್ಲವೂ ಮೊದಲಿಂದ ನಡೆಯಬೇಕು. ಮ್ಯಾಲಾಪ್ಟ್ ಕರೆಯ ಮೂಲಕ ಎಂಮ್ಯಾಪ್ ಬಳಕೆಯ ಗರಿಷ್ಠ ಸಂಖ್ಯೆಯನ್ನು 0 ಎಂದೂ, ಕತ್ತರಿಸುವ ಮಿತಿಯನ್ನು -1 ಎಂದೂ ಹೊಂದಿಸಿದರೆ ಈ ಎರಡೂ ನಿಲ್ಲುತ್ತವೆ. ಅನಂತರ ಬೇಕಾದ ಗರಿಷ್ಠ ಮೆಮೊರಿಯನ್ನು ಒಮ್ಮೆ ಪಡೆದು, ಪ್ರತಿ ಪುಟವನ್ನೂ ಮುಟ್ಟಿ, ಬಿಡುಗಡೆ ಮಾಡಿದರೆ ಆ ಪುಟಗಳು ಪ್ರಕ್ರಿಯೆಯ ಬಳಿಯಲ್ಲೇ ಉಳಿಯುತ್ತವೆ. ಈ ಉಪಾಯವನ್ನು ಆರಂಭದ ಥ್ರೆಡ್‌ನಲ್ಲಿ ಮಾಡಿ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಬೇರೆ ಥ್ರೆಡ್‌ಗಳಿಗೆ ಮ್ಯಾಲಾಕ್ ಪ್ರತ್ಯೇಕ ಅರೀನಾಗಳನ್ನು (ಹಂಚಿಕೆಯ ಉಗ್ರಾಣಗಳನ್ನು) ಕಟ್ಟಿಕೊಡುತ್ತದೆ. ಅರೀನಾಗಳ ಗರಿಷ್ಠ ಸಂಖ್ಯೆಯನ್ನು 1ಕ್ಕೆ ಇಳಿಸಬಹುದು, ಆದರೆ ಆಗ ಎಲ್ಲ ಥ್ರೆಡ್‌ಗಳೂ ಒಂದೇ ಲಾಕ್‌ಗೆ (ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಕೀಲಿಗೆ) ಕಾಯುತ್ತವೆ. ಇಷ್ಟೆಲ್ಲ ಹೆಣಗುವುದಕ್ಕಿಂತ ಲೂಪ್‌ನೊಳಗೆ ಮ್ಯಾಲಾಕ್ ಕರೆಯದೆ ಇರುವುದೇ ಲೇಸು. ಬೇಕಾದ ಬಫರ್‌ಗಳನ್ನು ಮೊದಲೇ ಮಾಡಿಟ್ಟು ಅವುಗಳನ್ನೇ ಮರುಬಳಸಿ; ಉದ್ದ ಬದಲಾಗುವ ಸ್ಟ್ರಿಂಗ್‌ಗಳನ್ನು, ತಾನಾಗಿ ಬೆಳೆಯುವ ವೆಕ್ಟರ್‌ಗಳನ್ನು ಲೂಪ್‌ನಿಂದ ಹೊರಗಿಡಿ.

ಕಡತಕ್ಕೆ ಲಾಗ್ ಬರೆಯುವುದೂ ಇದೇ ಗುಂಪಿಗೆ ಸೇರುತ್ತದೆ. ಬರೆದ ದತ್ತಾಂಶ ಪೇಜ್ ಕ್ಯಾಶ್‌ಗೆ ಹೋಗುವುದರಿಂದ ಹೊಸ ಪುಟ ಬೇಕಾಗುತ್ತದೆ. ಡಿಸ್ಕ್‌ಗೆ ಹೋಗದೆ ಉಳಿದ ಪುಟಗಳ ಪ್ರಮಾಣ ಮಿತಿ ದಾಟಿದರೆ ಬರೆಯುವ ಥ್ರೆಡ್ಡನ್ನೇ ಕರ್ನಲ್ ತಡೆದು ನಿಲ್ಲಿಸುತ್ತದೆ. ಲಾಗ್ ಸಾಲುಗಳನ್ನು ಮೊದಲೇ ಕಾದಿರಿಸಿದ ರಿಂಗ್ ಬಫರ್‌ಗೆ ಹಾಕಿ, ಡಿಸ್ಕ್‌ಗೆ ಬರೆಯುವ ಹೊಣೆಯನ್ನು ಬೇರೆ ಥ್ರೆಡ್‌ಗೆ ಬಿಡುವುದು ರೂಢಿಯ ದಾರಿ.

ಮೂರನೆಯ ಹೆಜ್ಜೆ: ಬೀಗ ಹಾಕಿದ ಮೇಲೂ ಪುಟ ಮುಟ್ಟುವವರನ್ನು ತಡೆಯುವುದು

ಎಂಲಾಕ್‌ಆಲ್ ಕೊಡುವ ಭರವಸೆ ಪುಟ ಮೆಮೊರಿಯಲ್ಲಿ ಇರುತ್ತದೆ ಎಂಬುದಷ್ಟೇ. ಅದೇ ಭೌತಿಕ ಜಾಗದಲ್ಲಿ ಇರುತ್ತದೆಂದಾಗಲಿ, ಅದರ ಪೇಜ್ ಟೇಬಲ್ ನಮೂದನ್ನು ಯಾರೂ ಮುಟ್ಟುವುದಿಲ್ಲವೆಂದಾಗಲಿ ಅದು ಹೇಳುವುದಿಲ್ಲ. ಬೀಗ ಹಾಕಿದ ಮೇಲೂ ಮೈನರ್ ಫಾಲ್ಟ್‌ಗಳು ಏರುತ್ತಿವೆ ಎಂದು ತಲೆ ಕೆಡಿಸಿಕೊಳ್ಳುವವರು ಗಮನಿಸಬೇಕಾದ ಅಂಶ ಇದು.

ಮೊದಲ ಶಂಕಿತ ಕಂಪ್ಯಾಕ್ಷನ್. ಚದುರಿದ ಖಾಲಿ ಪುಟಗಳನ್ನು ಒಂದೆಡೆ ಕೂಡಿಸಲು ಕೆಕಂಪ್ಯಾಕ್ಟ್‌ಡಿ ಎಂಬ ಕರ್ನಲ್ ಥ್ರೆಡ್ ಬಳಕೆಯಲ್ಲಿರುವ ಪುಟಗಳನ್ನು ಬೇರೆ ಕಡೆಗೆ ನಕಲಿಸಿ ಸರಿಸುತ್ತದೆ. ಸರಿಸುವಾಗ ಆ ಪುಟದ ನಮೂದು ತಾತ್ಕಾಲಿಕವಾಗಿ ಇಲ್ಲವಾಗುತ್ತದೆ. ಆ ಗಳಿಗೆಯಲ್ಲಿ ಮುಟ್ಟಿದ ಥ್ರೆಡ್ ನಕಲು ಮುಗಿಯುವವರೆಗೂ ಕಾಯಬೇಕು. ಬೀಗ ಹಾಕಿದ ಪುಟಗಳನ್ನು ಸರಿಸಬಹುದೇ ಎಂಬುದನ್ನು ‘ವಿಎಂ.ಕಂಪ್ಯಾಕ್ಟ್_ಅನ್‌ಎವಿಕ್ಟಬಲ್_ಅಲೌಡ್’ ಎಂಬ ಆಯ್ಕೆ ನಿರ್ಧರಿಸುತ್ತದೆ. ಸಾಮಾನ್ಯ ಕರ್ನಲ್‌ನಲ್ಲಿ ಅದರ ಬೆಲೆ 1, ಪ್ರೀಎಂಪ್ಟ್ ಆರ್‌ಟಿ ಕರ್ನಲ್‌ನಲ್ಲಿ 0. ನೀವು ಸಾಮಾನ್ಯ ಕರ್ನಲ್ ಬಳಸುತ್ತಿದ್ದರೆ ಇದನ್ನು 0 ಮಾಡಿ. 5.9ರಿಂದ ಈಚಿನ ಕರ್ನಲ್‌ಗಳಲ್ಲಿ ಯಾರೂ ಕೇಳದಿದ್ದರೂ ಮುಂಚಿತವಾಗಿಯೇ ಕಂಪ್ಯಾಕ್ಷನ್ ನಡೆಸುವ ಏರ್ಪಾಟೂ ಇದೆ, ‘ವಿಎಂ.ಕಂಪ್ಯಾಕ್ಷನ್_ಪ್ರೊಆಕ್ಟಿವ್‌ನೆಸ್’ ಎಂಬುದನ್ನು ಅದರ ಸಹಜ ಬೆಲೆಯಾದ 20ರಿಂದ 0ಗೆ ಇಳಿಸಿದರೆ ಅದು ನಿಲ್ಲುತ್ತದೆ.

ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಎಂಬುದು ಇದಕ್ಕಿಂತ ಕುತೂಹಲದ ಸಂಗತಿ. 4 ಕೆಬಿಯ 512 ಪುಟಗಳನ್ನು 2 ಎಂಬಿಯ ಒಂದೇ ಪುಟವಾಗಿ ಕೂಡಿಸಿದರೆ ವಿಳಾಸ ಪರಿವರ್ತನೆಯ ಹೊರೆ ಇಳಿದು ಸರಾಸರಿ ವೇಗ ಹೆಚ್ಚುತ್ತದೆ. ಈ ಕೂಡಿಸುವಿಕೆಯನ್ನು ಕೆಹ್ಯೂಜ್‌ಪೇಜ್‌ಡಿ ಮಾಡುತ್ತದೆ. ಸಹಜ ಹೊಂದಾಣಿಕೆಯಲ್ಲಿ ಅದು 10 ಸೆಕೆಂಡಿಗೊಮ್ಮೆ ಎಚ್ಚೆತ್ತು ಒಂದಷ್ಟು ಪುಟಗಳನ್ನು ಪರೀಕ್ಷಿಸುತ್ತದೆ. ಕೂಡಿಸಬಹುದಾದ ಜಾಗ ಸಿಕ್ಕರೆ ಆ ಪ್ರಕ್ರಿಯೆಯ ಮೆಮೊರಿ ನಕ್ಷೆಯ ಲಾಕ್ ಅನ್ನು ಬರೆಯುವ ಹಕ್ಕಿನೊಂದಿಗೆ ಹಿಡಿದು, ಹಳೆಯ ನಮೂದುಗಳನ್ನು ಅಳಿಸಿ, 512 ಪುಟಗಳನ್ನೂ ನಕಲಿಸುತ್ತದೆ. ಅಷ್ಟರಲ್ಲಿ ಆ 2 ಎಂಬಿಯೊಳಗೆ ಎಲ್ಲಿ ಮುಟ್ಟಿದರೂ ನಿಮ್ಮ ಥ್ರೆಡ್ ನಿಲ್ಲಬೇಕು. ಕೆಹ್ಯೂಜ್‌ಪೇಜ್‌ಡಿ ಓಡುವುದು ಅತ್ಯಂತ ಕಡಿಮೆ ಆದ್ಯತೆಯಲ್ಲಿ, ಅಂದರೆ ನೈಸ್ 19ರಲ್ಲಿ. ಲಾಕ್ ಹಿಡಿದಿರುವಾಗ ಬೇರೆ ಯಾವುದೋ ಸಾಧಾರಣ ಪ್ರೋಗ್ರಾಂ ಅದನ್ನು ಪ್ರೊಸೆಸರ್‌ನಿಂದ ಇಳಿಸಿದರೆ, ಅತಿ ಹೆಚ್ಚು ಆದ್ಯತೆಯ ಥ್ರೆಡ್ ಅತಿ ಕಡಿಮೆ ಆದ್ಯತೆಯ ಥ್ರೆಡ್‌ಗಾಗಿ ಕಾಯುತ್ತಾ ಕೂರುತ್ತದೆ. 1997ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆದದ್ದು ಇದೇ ಬಗೆಯ ಆದ್ಯತಾ ವಿಪರ್ಯಾಸದಿಂದ. ಅಲ್ಲಿ ಇದ್ದದ್ದು ಬೇರೆ ಆಪರೇಟಿಂಗ್ ಸಿಸ್ಟಂ, ಬೇರೆ ಲಾಕ್.

ಪ್ರೀಎಂಪ್ಟ್ ಆರ್‌ಟಿ ಕರ್ನಲ್ ಅನ್ನು ಕಟ್ಟುವಾಗ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಆಯ್ಕೆಯೇ ಸಿಗುವುದಿಲ್ಲ. ಕರ್ನಲ್ ಬರೆಯುವವರೇ ಇವೆರಡು ಜೊತೆಗೆ ಹೊಂದುವುದಿಲ್ಲವೆಂದು ತೀರ್ಮಾನಿಸಿದ್ದಾರೆ. ಸಾಮಾನ್ಯ ಕರ್ನಲ್‌ನಲ್ಲಿ ನೀವೇ ಅದನ್ನು ‘ನೆವರ್’ (ಎಂದೂ ಬೇಡ) ಅಥವಾ ‘ಎಂಅಡ್ವೈಸ್’ (ಕೇಳಿದಲ್ಲಿ ಮಾತ್ರ) ಎಂದು ಹೊಂದಿಸಬೇಕು. ಇಡೀ ಯಂತ್ರಕ್ಕೆ ಬದಲಿಸುವ ಅಧಿಕಾರ ಇಲ್ಲದಿದ್ದರೆ ಪಿಆರ್‌ಸಿಟಿಎಲ್ ಕರೆಯಿಂದ ನಿಮ್ಮ ಪ್ರಕ್ರಿಯೆಗೆ ಮಾತ್ರ ಅದನ್ನು ಆರಿಸಬಹುದು. ದೊಡ್ಡ ಪುಟಗಳ ಲಾಭ ನಿಜಕ್ಕೂ ಬೇಕೆಂದರೆ ಬೂಟ್ ಸಮಯದಲ್ಲಿಯೇ ಕಾದಿರಿಸುವ ಹ್ಯೂಜ್‌ಟಿಎಲ್‌ಬಿ ಪುಟಗಳನ್ನು ಬಳಸಿ. ಅವನ್ನು ಯಾರೂ ಹಿನ್ನೆಲೆಯಲ್ಲಿ ಕೂಡಿಸುವುದೂ ಇಲ್ಲ, ಒಡೆಯುವುದೂ ಇಲ್ಲ.

ಒಂದಕ್ಕಿಂತ ಹೆಚ್ಚು ನೂಮಾ ನೋಡ್ (ತನ್ನದೇ ಹತ್ತಿರದ ಮೆಮೊರಿ ಇರುವ ಕೋರ್‌ಗಳ ಗುಂಪು) ಇರುವ ಯಂತ್ರಗಳಲ್ಲಿ ‘ಕರ್ನಲ್.ನೂಮಾ_ಬ್ಯಾಲೆನ್ಸಿಂಗ್’ ಅನ್ನು 0 ಮಾಡುವುದು ಕಡ್ಡಾಯ. ಯಾವ ಥ್ರೆಡ್ ಯಾವ ಪುಟ ಬಳಸುತ್ತಿದೆ ಎಂದು ತಿಳಿಯಲು ಆ ಏರ್ಪಾಟು ಬೇಕೆಂದೇ ಪುಟಗಳ ಅನುಮತಿಯನ್ನು ಕಿತ್ತು ಫಾಲ್ಟ್ ಆಗುವಂತೆ ಮಾಡುತ್ತದೆ. ಒಂದೇ ರೀತಿಯ ಪುಟಗಳನ್ನು ಒಟ್ಟುಗೂಡಿಸುವ ಕೆಎಸ್‌ಎಂ ಮುಖ್ಯವಾಗಿ ವರ್ಚುವಲ್ ಯಂತ್ರಗಳಿಗೆ ಸಂಬಂಧಿಸಿದ್ದು. ಅಲ್ಲಿ ರಿಯಲ್‌ಟೈಮ್ ಕೆಲಸ ಇದ್ದರೆ ಅದನ್ನೂ ಆರಿಸಿ.

ಹಂಚಿಕೊಂಡ ಮೆಮೊರಿಗಾಗಿ ಡಿಸ್ಕ್‌ನ ಕಡತವೊಂದನ್ನು ಮ್ಯಾಪ್ ಮಾಡಿಕೊಳ್ಳುವ ಅಭ್ಯಾಸ ಹಲವರಿಗಿದೆ. ಕರ್ನಲ್ ಆಗಾಗ, ಸಹಜ ಹೊಂದಾಣಿಕೆಯಲ್ಲಿ 5 ಸೆಕೆಂಡಿಗೊಮ್ಮೆ ಎಚ್ಚೆತ್ತು, ಹಳೆಯದಾದ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆಯುತ್ತದೆ. ಬರೆಯುವ ಮೊದಲು ಆ ಪುಟಕ್ಕೆ ಬರೆಯುವ ಅನುಮತಿಯನ್ನು ತೆಗೆಯುವುದರಿಂದ ನಿಮ್ಮ ಮುಂದಿನ ಬರಹಕ್ಕೆ ಫಾಲ್ಟ್ ಆಗುತ್ತದೆ, ಆ ಫಾಲ್ಟ್ ಒಳಗೆ ಕಡತ ವ್ಯವಸ್ಥೆಯ ಜರ್ನಲ್‌ಗಾಗಿಯೂ ಕಾಯಬೇಕಾಗಬಹುದು. ಬೀಗ ಇದನ್ನು ತಪ್ಪಿಸುವುದಿಲ್ಲ. ಹಂಚಿಕೆಯ ಕಡತವನ್ನು ‘/ಡೆವ್/ಎಸ್‌ಎಚ್‌ಎಂ’ ಕೋಶಕ್ಕೆ ಸ್ಥಳಾಂತರಿಸಿದರೆ ಅದು ಮೆಮೊರಿಯಲ್ಲೇ ಇರುವ ಕಡತವಾಗುತ್ತದೆ, ಡಿಸ್ಕ್‌ಗೆ ಬರೆಯುವ ಪ್ರಶ್ನೆಯೇ ಉಳಿಯುವುದಿಲ್ಲ.

ಇನ್ನೊಂದು, ಪ್ರೋಗ್ರಾಂ ತಾನೇ ತಂದುಕೊಳ್ಳುವ ತೊಂದರೆ: ಪ್ರಕ್ರಿಯೆ ತನ್ನದೇ ನಕಲನ್ನು ಹುಟ್ಟಿಸುವ ಫೋರ್ಕ್ ಕರೆ. ಮಗು ಪ್ರಕ್ರಿಯೆ ಹುಟ್ಟಿದೊಡನೆ ತಾಯಿಯ ಖಾಸಗಿ ಪುಟಗಳೆಲ್ಲವೂ ಓದಲಿಕ್ಕಷ್ಟೇ ಎಂದಾಗಿ, ತಾಯಿ ಬರೆದಾಗಲೆಲ್ಲ ಪುಟದ ಹೊಸ ನಕಲು ಮಾಡಬೇಕಾಗುತ್ತದೆ. ರಿಯಲ್‌ಟೈಮ್ ಪ್ರಕ್ರಿಯೆಯ ಯಾವುದೋ ಮೂಲೆಯಲ್ಲಿ ಶೆಲ್ ಆದೇಶ ಓಡಿಸುವ ಒಂದು ಸಾಲಿದ್ದರೂ ಪರಿಣಾಮ ಇದೇ ಆಗಬಹುದು. ಹೊರಗಿನ ಪ್ರೋಗ್ರಾಂ ಓಡಿಸುವುದು ಅನಿವಾರ್ಯವಾದರೆ ಪುಟ್ಟದೊಂದು ಸಹಾಯಕ ಪ್ರಕ್ರಿಯೆಯನ್ನು ಮೊದಲೇ ಹುಟ್ಟಿಸಿಟ್ಟು ಅದಕ್ಕೆ ಸಂದೇಶ ಕಳಿಸಿ.

ವಿಳಾಸ ವಲಯ ಹಂಚಿಕೊಂಡ ಥ್ರೆಡ್‌ಗಳ ವಿಚಾರ

ನಿಮ್ಮ ರಿಯಲ್‌ಟೈಮ್ ಥ್ರೆಡ್ ಶಿಸ್ತಾಗಿದ್ದರೂ ಅದೇ ಪ್ರಕ್ರಿಯೆಯ ಉಳಿದ ಥ್ರೆಡ್‌ಗಳು ಹಾಗಿಲ್ಲದಿದ್ದರೆ ಅದರ ಬಿಸಿ ತಟ್ಟುತ್ತದೆ. ಚಿತ್ರಣ ತೋರಿಸುವ ಥ್ರೆಡ್ ಒಂದು ದೊಡ್ಡ ಬಫರ್ ಅನ್ನು ಬಿಡುಗಡೆ ಮಾಡಿತೆಂದುಕೊಳ್ಳಿ. ಆ ವಿಳಾಸಗಳು ಇನ್ನು ಸಲ್ಲವು ಎಂದು ಆ ಪ್ರಕ್ರಿಯೆಯ ಥ್ರೆಡ್‌ಗಳು ಓಡುತ್ತಿರುವ ಎಲ್ಲ ಕೋರ್‌ಗಳಿಗೂ ತಿಳಿಸಬೇಕು, ಏಕೆಂದರೆ ಪ್ರತಿ ಕೋರ್‌ನ ಟಿಎಲ್‌ಬಿ ಎಂಬ ಚಿಕ್ಕ ಸಂಗ್ರಹದಲ್ಲೂ ಹಳೆಯ ವಿಳಾಸ ಪರಿವರ್ತನೆಗಳು ಉಳಿದಿರಬಹುದು. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಇದನ್ನು ಸಾಂಪ್ರದಾಯಿಕವಾಗಿ ಕೋರ್‌ನಿಂದ ಕೋರ್‌ಗೆ ಕಳಿಸುವ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ಬರುವ ಕರೆ) ಮೂಲಕ ಮಾಡುತ್ತಾರೆ. 64 ಬಿಟ್ ಆರ್ಮ್‌ನಲ್ಲಿ ಪ್ರಸಾರ ಸೂಚನೆಯೊಂದು ಇರುವುದರಿಂದ ಇಂಟರಪ್ಟ್ ಬೇಕಾಗುವುದಿಲ್ಲ. ಪ್ರೊಕ್‌ನ ಇಂಟರಪ್ಟ್ಸ್ ಕಡತದಲ್ಲಿ ‘ಟಿಎಲ್‌ಬಿ’ ಎಂಬ ಸಾಲನ್ನು ನೋಡಿದರೆ ಯಾವ ಕೋರ್‌ಗೆ ಇಂಥ ಎಷ್ಟು ಅಡ್ಡಿಗಳು ಬಂದಿವೆ ಎಂಬುದು ಕಾಣುತ್ತದೆ. ಕೋರ್ ಪ್ರತ್ಯೇಕಿಸುವ ಐಸೋಲ್‌ಸಿಪಿಯುಎಸ್, ನೋಹರ್ಟ್ಸ್‌ಫುಲ್ ಮುಂತಾದ ಬೂಟ್ ಆಯ್ಕೆಗಳು ಇದನ್ನು ತಡೆಯಲಾರವು. ಇದರ ಜೊತೆಗೆ ಮೆಮೊರಿ ನಕ್ಷೆಯ ಲಾಕ್ ಕೂಡ ಇಡೀ ಪ್ರಕ್ರಿಯೆಗೆ ಒಂದೇ. 2023ರ 6.4ನೆಯ ಆವೃತ್ತಿಯಿಂದ ಒಂದೊಂದು ಪ್ರದೇಶಕ್ಕೂ ಬೇರೆ ಲಾಕ್ ಬಂದು ಫಾಲ್ಟ್‌ಗಳ ಕಾಯುವಿಕೆ ತಗ್ಗಿದೆಯಾದರೂ, ನಕ್ಷೆಯನ್ನೇ ಬದಲಿಸುವ ಕರೆಗಳಿಗೆ ಹಳೆಯ ಲಾಕೇ ಬೇಕು.

ಈ ಕಾರಣಗಳಿಂದಾಗಿ ರಿಯಲ್‌ಟೈಮ್ ಭಾಗವನ್ನು ಪ್ರತ್ಯೇಕ ಪ್ರಕ್ರಿಯೆಯಾಗಿಯೇ ಬರೆದು, ಬಳಕೆದಾರ ಮುಖ, ಜಾಲ ಸಂಪರ್ಕ, ಕಡತ ವ್ಯವಹಾರಗಳನ್ನು ಇನ್ನೊಂದು ಪ್ರಕ್ರಿಯೆಯಲ್ಲಿ ಇಟ್ಟು, ನಡುವೆ ಹಂಚಿಕೆಯ ಮೆಮೊರಿಯ ಸಾಲೊಂದನ್ನು ಇಡುವುದು ನನಗೆ ಅತ್ಯಂತ ಸಮಂಜಸವೆನಿಸುವ ವಿನ್ಯಾಸ. ಆರಂಭದಲ್ಲಿ ಸ್ವಲ್ಪ ಹೆಚ್ಚು ಕೆಲಸ ಬೇಡುತ್ತದೆ, ನಿಜ. ಆದರೆ ಮೇಲೆ ಹೇಳಿದ ಅರ್ಧದಷ್ಟು ಜಾಗ್ರತೆಗಳನ್ನು ಚಿಕ್ಕ ಪ್ರಕ್ರಿಯೆಯೊಂದಕ್ಕೆ ಸೀಮಿತಗೊಳಿಸಿದಂತಾಗುತ್ತದೆ, ಬೀಗ ಹಾಕಬೇಕಾದ ಮೆಮೊರಿಯೂ ಕಡಿಮೆಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ಉಳಿದ ವ್ಯವಸ್ಥೆ

ಕೆಸ್ವಾಪ್‌ಡಿ ಬೇಗನೆ ಎಚ್ಚೆತ್ತಷ್ಟೂ ಡೈರೆಕ್ಟ್ ರಿಕ್ಲೇಮ್ ಕಡಿಮೆ. ‘ವಿಎಂ.ವಾಟರ್‌ಮಾರ್ಕ್_ಸ್ಕೇಲ್_ಫ್ಯಾಕ್ಟರ್’ ಮಟ್ಟಗಳ ನಡುವಿನ ಅಂತರವನ್ನು ಮೆಮೊರಿಯ ಹತ್ತು ಸಾವಿರದ ಭಾಗಗಳಲ್ಲಿ ಹೇಳುತ್ತದೆ. ಸಹಜ ಬೆಲೆ 10, ಅಂದರೆ ಶೇಕಡಾ 0.1, 16 ಜಿಬಿ ಯಂತ್ರದಲ್ಲಿ ಇದು ಸುಮಾರು 16 ಎಂಬಿಯಷ್ಟೇ. ಒಂದು ದೊಡ್ಡ ಕಡತ ನಕಲಿಸುವಾಗ ಆ ಅಂತರ ಕ್ಷಣಾರ್ಧದಲ್ಲಿ ಕರಗುತ್ತದೆ. 100ಕ್ಕೆ ಏರಿಸಿದರೆ ಅಂತರ 160 ಎಂಬಿಯ ಆಸುಪಾಸಿಗೆ ಬರುತ್ತದೆ. ‘ವಿಎಂ.ಮಿನ್_ಫ್ರೀ_ಕೆಬೈಟ್ಸ್’ ಅನ್ನೂ ಏರಿಸಬಹುದು, ಆದರೆ ಅತಿಯಾಗಿ ಏರಿಸಿದರೆ ಮೆಮೊರಿ ಇದ್ದೂ ಇಲ್ಲದಂತಾಗಿ ಕರ್ನಲ್ ಪ್ರಕ್ರಿಯೆಗಳನ್ನು ಕೊಲ್ಲತೊಡಗುತ್ತದೆ. ಉಳಿದ ಪ್ರೋಗ್ರಾಂಗಳನ್ನು ಸಿಗ್ರೂಪ್ ಒಂದರಲ್ಲಿ (ಒಟ್ಟಾಗಿ ಮಿತಿ ಹಾಕಬಹುದಾದ ಪ್ರಕ್ರಿಯೆಗಳ ಗುಂಪಿನಲ್ಲಿ) ಕಟ್ಟಿಹಾಕಿ ಅವುಗಳ ಮೆಮೊರಿಗೆ ಮಿತಿ ಹಾಕುವುದು ಇನ್ನೂ ಒಳ್ಳೆಯದು, ಏಕೆಂದರೆ ಅವು ತುಂಬಿಸಿದ ಪೇಜ್ ಕ್ಯಾಶ್ ಕೂಡ ಅದೇ ಮಿತಿಯೊಳಗೆ ಲೆಕ್ಕವಾಗುತ್ತದೆ. ಆದರೆ ರಿಯಲ್‌ಟೈಮ್ ಪ್ರಕ್ರಿಯೆಯಿರುವ ಗುಂಪಿಗೆ ‘ಮೆಮೊರಿ.ಹೈ’ ಮಿತಿಯನ್ನು ಹಾಕಬಾರದು. ಮಿತಿ ದಾಟಿದ ಪ್ರಕ್ರಿಯೆಯನ್ನು ಕರ್ನಲ್ ಬೇಕೆಂದೇ ನಿಧಾನಗೊಳಿಸುತ್ತದೆ.

ಮೆಮೊರಿ ಅಂಕಿಅಂಶಗಳ ಪರಿಷ್ಕರಣೆ ಪ್ರತಿ ಕೋರ್‌ನಲ್ಲೂ ಸಹಜವಾಗಿ ಸೆಕೆಂಡಿಗೊಮ್ಮೆ ನಡೆಯುವಂಥದ್ದು, ‘ವಿಎಂ.ಸ್ಟ್ಯಾಟ್_ಇಂಟರ್ವಲ್’ ಅನ್ನು 60 ಅಥವಾ 120 ಸೆಕೆಂಡಿಗೆ ಏರಿಸಿದರೆ ಆ ಅಡ್ಡಿ ವಿರಳವಾಗುತ್ತದೆ. ಕೆಸ್ವಾಪ್‌ಡಿ, ಕೆಕಂಪ್ಯಾಕ್ಟ್‌ಡಿ, ಡಿಸ್ಕ್‌ಗೆ ಬರೆಯುವ ವರ್ಕ್‌ಕ್ಯೂ (ಕರ್ನಲ್ ಕೆಲಸಗಳ ಸರದಿ) ಇವುಗಳನ್ನು ಟಾಸ್ಕ್‌ಸೆಟ್ ಆದೇಶದಿಂದಲೂ ಸಿಸ್ ಕಡತ ವ್ಯವಸ್ಥೆಯಲ್ಲಿರುವ ವರ್ಕ್‌ಕ್ಯೂ ಸಿಪಿಯುಮಾಸ್ಕ್‌ನಿಂದಲೂ ಉಳಿದ ಕೋರ್‌ಗಳಿಗೆ ಕಟ್ಟಿಹಾಕಿ. ಆದರೆ ರಿಯಲ್‌ಟೈಮ್ ಥ್ರೆಡ್ ಒಮ್ಮೆಯೂ ಮಲಗದೆ ಕೋರ್ ಅನ್ನು ಪೂರ್ತಿ ಹಿಡಿದಿಟ್ಟುಕೊಂಡರೆ ಎದುರು ಪರಿಣಾಮವೂ ಇದೆ. ಕೆಲವು ಮೆಮೊರಿ ಕೆಲಸಗಳು ಪ್ರತಿ ಕೋರ್‌ನ ಚಿಕ್ಕ ಪಟ್ಟಿಗಳನ್ನು ಖಾಲಿ ಮಾಡಿಸಲು ಅಲ್ಲಿಗೆ ಒಂದು ವರ್ಕರ್ ಕಳಿಸಿ ಅದು ಮುಗಿಯುವವರೆಗೆ ಕಾಯುತ್ತವೆ. ಆ ವರ್ಕರ್‌ಗೆ ನಿಮ್ಮ ಕೋರ್‌ನಲ್ಲಿ ಸರದಿಯೇ ಸಿಗದಿದ್ದರೆ ಬೇರೆ ಕೋರ್‌ನಲ್ಲಿ ಕೇಳಿದವನು ಅನಿರ್ದಿಷ್ಟವಾಗಿ ನಿಂತುಬಿಡುತ್ತಾನೆ. ಪ್ರತಿ ಸುತ್ತಿನ ಕೊನೆಯಲ್ಲಿ ಅಲ್ಪಕಾಲ ಮಲಗುವ ವಿನ್ಯಾಸದಲ್ಲಿ ಈ ತಾಪತ್ರಯ ಬರುವುದಿಲ್ಲ.

ಐದನೆಯ ಹೆಜ್ಜೆ: ಒತ್ತಡ ಹಾಕಿ ನೋಡುವುದು

ಸುಮ್ಮನಿರುವ ಯಂತ್ರದಲ್ಲಿ ಪಡೆದ ಅಂಕಿಗಳನ್ನು ನೆಚ್ಚಬಾರದು. ಸ್ಟ್ರೆಸ್-ಎನ್‌ಜಿಯ ಮೆಮೊರಿ ಪರೀಕ್ಷೆಯನ್ನು ಖಾಲಿ ಮೆಮೊರಿಯ ಬಹುಪಾಲು ತಿನ್ನುವಂತೆ ಓಡಿಸಿ, ಜೊತೆಗೆ ಮೆಮೊರಿಗಿಂತ ದೊಡ್ಡದಾದ ಕಡತವೊಂದನ್ನು ನಕಲಿಸುತ್ತಾ, ಅದೇ ವೇಳೆ ನಿಮ್ಮ ಪ್ರೋಗ್ರಾಂ ಅನ್ನು ಕನಿಷ್ಠ ಒಂದು ರಾತ್ರಿಯಿಡೀ ಓಡಲು ಬಿಡಿ. ತುರ್ತು ನಿಲುಗಡೆಯಂಥ ಅಪರೂಪದ ದಾರಿಗಳನ್ನೂ ಈ ಒತ್ತಡದ ನಡುವೆಯೇ ಬಲವಂತವಾಗಿ ಓಡಿಸಬೇಕು. ಥ್ರೆಡ್‌ನ ಫಾಲ್ಟ್ ಎಣಿಕೆಗಳು ಆರಂಭದಲ್ಲಿದ್ದಷ್ಟೇ ಇವೆಯೇ ಎಂದು ಕೊನೆಯಲ್ಲಿ ಹೋಲಿಸಿ. ಎಣಿಕೆ ಬದಲಾಗದೆಯೂ ಗಡುವು ತಪ್ಪಿದ್ದರೆ ಕಾರಣ ಪುಟಗಳಲ್ಲಿಲ್ಲ, ಕೋರ್ ಮೇಲೆ ಬಂದ ಅಡ್ಡಿಯಲ್ಲಿದೆ. ಆಗ ಕರ್ನಲ್ ಜೊತೆಗೇ ಬರುವ ಆರ್‌ಟಿಎಲ್‌ಎ ಸಲಕರಣೆಯ ಟೈಮರ್‌ಲ್ಯಾಟ್ ಭಾಗವನ್ನು ಮಿತಿಯೊಂದನ್ನು ಕೊಟ್ಟು ಓಡಿಸಿ. ತಡ ಆ ಮಿತಿ ದಾಟಿದ ಗಳಿಗೆಯಲ್ಲಿ ಅದು ದಾಖಲೆಯನ್ನು ನಿಲ್ಲಿಸಿ, ಎಷ್ಟು ಮೈಕ್ರೊಸೆಕೆಂಡು ಇಂಟರಪ್ಟ್‌ಗೆ, ಎಷ್ಟು ಯಾವ ಥ್ರೆಡ್‌ಗೆ ಹೋಯಿತೆಂದು ಹೆಸರು ಸಮೇತ ತೋರಿಸುತ್ತದೆ. ಅಲ್ಲಿ ಕಾಣುವ ಹೆಸರು ಕೆಸ್ವಾಪ್‌ಡಿಯದೋ ಕೆವರ್ಕರ್‌ನದೋ ಆಗಿದ್ದರೆ ನಾಲ್ಕನೆಯ ಹೆಜ್ಜೆಗೆ ಹಿಂದಿರುಗಿ; ಡಿಸ್ಕ್ ಅಥವಾ ಜಾಲದ ಇಂಟರಪ್ಟ್ ಆಗಿದ್ದರೆ ಅದನ್ನು ಬೇರೆ ಕೋರ್‌ಗೆ ಕಟ್ಟಿಹಾಕಿ ಪರೀಕ್ಷೆಯನ್ನು ಮತ್ತೆ ಓಡಿಸಿ. ಕರ್ನಲ್ ಆವೃತ್ತಿ ಬದಲಾದಾಗಲೂ ಇದೇ ಪರೀಕ್ಷೆ ನಡೆಯಬೇಕು, ಏಕೆಂದರೆ ಮೇಲೆ ಹೇಳಿದ ಸಹಜ ಬೆಲೆಗಳೂ ಹಿನ್ನೆಲೆ ಥ್ರೆಡ್‌ಗಳೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತವೆ.